ಟ್ರೈಕಸ್ಪಿಡ್ ಕವಾಟದಲ್ಲಿ 5 ಅಂದರೆ ಸಣ್ಣ ಅಂಕಿಯಲ್ಲ

ಹೃದಯದ ಎಡಗಡೆಯ ಮೈಟ್ರಲ್ ಕವಾಟದ ಎಕೋ (ಅಲ್ಟ್ರಾಸೌಂಡ್) ರಿಪೋರ್ಟುಗಳನ್ನೇ ನೋಡಿ ರೂಢಿಯಾದ ಕಣ್ಣಿಗೆ ಬಲಗಡೆಯ ಟ್ರೈಕಸ್ಪಿಡ್‌ನ ಅಂಕಿಗಳು ಲೆಕ್ಕಕ್ಕಿಲ್ಲ ಅನ್ನಿಸುತ್ತವೆ. ಮೀನ್ ಗ್ರೇಡಿಯಂಟ್ (ಕವಾಟದ ಎರಡು ಬದಿಯ ಒತ್ತಡದ ಸರಾಸರಿ ವ್ಯತ್ಯಾಸ) 5 ಎಂಎಂ ಪಾದರಸ ಅಂದಾಗ ಎಡಗಡೆಯಾದರೆ ಯಾರೂ ಗಾಬರಿ ಬೀಳುವುದಿಲ್ಲ. ಬಲಗಡೆ ಅದೇ 5 ಬಂದರೆ ಕವಾಟ ತೀವ್ರವಾಗಿ ಕಿರಿದಾಗಿದೆ ಎಂದೇ ತಿಳಿಯಬೇಕು. ಈ ಕವಾಟ ಸಹಜವಾಗಿ 7ರಿಂದ 9 ಚದರ ಸೆಂ.ಮೀ. ತೆರೆಯುತ್ತದೆ, ಅಡ್ಡಲಾಗಿ ಒತ್ತಡದ ವ್ಯತ್ಯಾಸ 1 ಎಂಎಂ ಕೂಡ ದಾಟುವುದು ಅಪರೂಪ. ಅದರ ಹಿಂದಿರುವುದು ಬಲ ಏಟ್ರಿಯಂ (ಹೃದಯದ ಮೇಲಿನ ಕೋಣೆ), ಅದರಾಚೆ ನೇರವಾಗಿ ದೊಡ್ಡ ರಕ್ತನಾಳಗಳು. ಸ್ವಲ್ಪ ಒತ್ತಡ ಏರಿದರೂ ಯಕೃತ್ತು ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಬಾಯುತ್ತದೆ.

ಹೀಗೆ ಕವಾಟ ಕಿರಿದಾಗುವುದಕ್ಕೆ (ಟ್ರೈಕಸ್ಪಿಡ್ ಸ್ಟೆನೋಸಿಸ್, ಟಿಎಸ್) ಬಹುಪಾಲು ಕಾರಣ ರುಮ್ಯಾಟಿಕ್ ಜ್ವರದ ನಂತರ ಬರುವ ರುಮ್ಯಾಟಿಕ್ ಹೃದ್ರೋಗ, ಅದೂ ಬಹುತೇಕ ಯಾವಾಗಲೂ ಮೈಟ್ರಲ್ ಜೊತೆಗೇ. ಹಾಗಾಗಿ ರಾಯಚೂರಲ್ಲಾಗಲಿ ಬಳ್ಳಾರಿಯಲ್ಲಾಗಲಿ ರಿಪೋರ್ಟ್ ಮೈಟ್ರಲ್ ಬಗ್ಗೆ ಪುಟ ತುಂಬಿಸಿ ಟ್ರೈಕಸ್ಪಿಡ್‌ಗೆ ಒಂದು ಸಾಲು ಬರೆದು ಮುಗಿಯುವ ಅಪಾಯ ಇದ್ದೇ ಇದೆ. ಒಂದು ಸುಳಿವು ನೆನಪಿಡಿ: ಮೈಟ್ರಲ್ ತುಂಬ ಕಿರಿದಾಗಿದ್ದರೂ ರೋಗಿ ಅಂಗಾತ ಆರಾಮಾಗಿ ಮಲಗುತ್ತಾರೆ, ಆದರೆ ಹೊಟ್ಟೆ, ಕಾಲು ಊದಿವೆ. ಬಲಗಡೆಯ ಬಾಗಿಲೇ ಅರ್ಧ ಮುಚ್ಚಿರುವಾಗ ಶ್ವಾಸಕೋಶಕ್ಕೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಮಲಗಿದರೂ ಉಸಿರು ಕಟ್ಟುವುದಿಲ್ಲ. ಕತ್ತಿನ ನಾಳದಲ್ಲಿ ದೊಡ್ಡ ‘ಎ’ ಅಲೆ (ಏಟ್ರಿಯಂ ಸಂಕುಚಿಸಿದಾಗ ಏಳುವ ಮಿಡಿತ) ಕಾಣಬಹುದು, ಏಟ್ರಿಯಲ್ ಫಿಬ್ರಿಲೇಷನ್ (ಏಟ್ರಿಯಂನ ಲಯ ತಪ್ಪಿದ ಬಡಿತ) ಇದ್ದರೆ ಅದೂ ಇಲ್ಲ.

ಮೈಲ್ಡ್, ಮಾಡರೇಟ್, ಸಿವಿಯರ್ ಎಂದು ಮೆಟ್ಟಿಲು ಕಟ್ಟುವುದಕ್ಕಿಂತ, ರಕ್ತದ ಹರಿವಿಗೆ ನಿಜಕ್ಕೂ ತಡೆಯಾಗಿದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. 2009ರ ಯುರೋಪ್–ಅಮೆರಿಕದ ಜಂಟಿ ಎಕೋ ಶಿಫಾರಸು ಹೇಳುವುದೂ ಅದನ್ನೇ: ಮೀನ್ ಗ್ರೇಡಿಯಂಟ್ 5 ಅಥವಾ ಹೆಚ್ಚು, ಇನ್‌ಫ್ಲೋ ವಿಟಿಐ (ಒಂದು ಬಡಿತದಲ್ಲಿ ರಕ್ತ ಸಾಗುವ ದೂರ) 60 ಸೆಂ.ಮೀ.ಗಿಂತ ಹೆಚ್ಚು, ಪ್ರೆಶರ್ ಹಾಫ್ ಟೈಮ್ (ಒತ್ತಡದ ವ್ಯತ್ಯಾಸ ಅರ್ಧಕ್ಕಿಳಿಯಲು ಹಿಡಿಯುವ ಸಮಯ) 190 ಮಿಲಿಸೆಕೆಂಡ್ ಅಥವಾ ಹೆಚ್ಚು, ಕವಾಟದ ವಿಸ್ತೀರ್ಣ 1 ಚದರ ಸೆಂ.ಮೀ. ಅಥವಾ ಕಡಿಮೆ. ಬಲ ಏಟ್ರಿಯಂ ಹಿಗ್ಗಿರುವುದು, ಐವಿಸಿ (ದೇಹದ ಕೆಳಭಾಗದಿಂದ ರಕ್ತ ತರುವ ದೊಡ್ಡ ನಾಳ) ಊದಿರುವುದು ಬೆಂಬಲದ ಸಾಕ್ಷಿ.

ಅಳೆಯುವಾಗ ಎಡವುವುದು ಎಲ್ಲೆಲ್ಲಿ? ಮೊದಲನೆಯದು ಉಸಿರು. ಉಸಿರು ಎಳೆದಾಗ ಬಲಗಡೆ ಹರಿವು ಹೆಚ್ಚಿ ಗ್ರೇಡಿಯಂಟ್ ಏರುತ್ತದೆ. ಉಸಿರು ಬಿಟ್ಟು ನಿಲ್ಲಿಸಿದಾಗ ಅಳೆಯಿರಿ, ಇಲ್ಲವೇ ಇಡೀ ಉಸಿರಾಟದ ಸರಾಸರಿ ತೆಗೆಯಿರಿ. ಫಿಬ್ರಿಲೇಷನ್‌ನಲ್ಲಿ ಕನಿಷ್ಠ ಐದು ಬಡಿತದ ಸರಾಸರಿ ಬೇಕು. ಎರಡನೆಯದು ನಾಡಿ. ನಿಮಿಷಕ್ಕೆ 70–80 ಇದ್ದರೆ ಒಳ್ಳೆಯದು. 110ರಲ್ಲಿ ಸಿಕ್ಕ ಗ್ರೇಡಿಯಂಟನ್ನು ಹಾಗೇ ನಂಬಬೇಡಿ.

ಮೂರನೆಯದು ಯಂತ್ರದ ಲೆಕ್ಕ. ಹಾಫ್ ಟೈಮ್‌ನಿಂದ ವಿಸ್ತೀರ್ಣ ತೆಗೆಯಲು ಮೈಟ್ರಲ್‌ಗೆ 220, ಟ್ರೈಕಸ್ಪಿಡ್‌ಗೆ 190 ಎಂಬ ಸಂಖ್ಯೆಯನ್ನು ಹಾಫ್ ಟೈಮ್‌ನಿಂದ ಭಾಗಿಸುತ್ತಾರೆ. ಮೈಟ್ರಲ್ ಪ್ಯಾಕೇಜಿನಲ್ಲೇ ಅಳೆದರೆ 190 ಮಿಲಿಸೆಕೆಂಡ್‌ಗೆ ಯಂತ್ರ 1.16 ಎಂದು ತೋರಿಸುತ್ತದೆ, ಬರಬೇಕಾದದ್ದು 1.0. ತೀವ್ರ ಎಂಬ ಗೆರೆಯೊಳಗೆ ಬರಬೇಕಾದವರು ಹೊರಗುಳಿದುಬಿಡುತ್ತಾರೆ. 190 ಕೂಡ ಅಂದಾಜಿನ ಸಂಖ್ಯೆಯೇ, ಮೈಟ್ರಲ್‌ನ 220ರಷ್ಟು ಪರೀಕ್ಷೆಗೆ ನಿಂತದ್ದಲ್ಲ.

ಜೊತೆಗೆ ಸೋರಿಕೆ (ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಹರಿಯುವುದು) ಇದ್ದರೆ, ಒಂದೆಡೆ ಹರಿದಷ್ಟೇ ರಕ್ತ ಇನ್ನೊಂದೆಡೆಯೂ ಹರಿಯುತ್ತದೆ ಎಂದು ವಿಸ್ತೀರ್ಣ ಲೆಕ್ಕ ಹಾಕುವ ಕಂಟಿನ್ಯುಟಿ ಸೂತ್ರ ಕೈಕೊಡುತ್ತದೆ. ಎಡಗಡೆಯ ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ಹೊರಬೀಳುವ ರಕ್ತ) ಬಳಸಿದಾಗ ಕವಾಟದಲ್ಲಿ ನಿಜವಾಗಿ ಹರಿದ ರಕ್ತ ಅದಕ್ಕಿಂತ ಹೆಚ್ಚಿರುತ್ತದೆ, ವಿಸ್ತೀರ್ಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬರೀ ಸೋರಿಕೆಯೂ ಗ್ರೇಡಿಯಂಟ್ ಏರಿಸಬಲ್ಲದು. ಆಗ ದಳಗಳು ಚೆನ್ನಾಗಿ ತೆರೆಯುತ್ತವೆ, ಹಾಫ್ ಟೈಮ್ ಚಿಕ್ಕದಿರುತ್ತದೆ. ದಳಗಳು ದಪ್ಪಗಾಗಿ, ಗುಮ್ಮಟದಂತೆ ಉಬ್ಬಿ, ತುದಿ ಬಿಗಿದುಕೊಂಡಿದ್ದರೆ ಅದು ಸ್ಟೆನೋಸಿಸ್.

ನಮ್ಮ ಕಡೆ ಬೇಸಿಗೆಯ ತೊಡಕೊಂದಿದೆ. ಮೇ ತಿಂಗಳಲ್ಲಿ ಲಿಂಗಸೂಗೂರಿನಿಂದಲೋ ಕುಷ್ಟಗಿಯಿಂದಲೋ ಬೆಳಗ್ಗೆ ನೀರಿಳಿಸುವ ಲ್ಯಾಸಿಕ್ಸ್ ಮಾತ್ರೆ ನುಂಗಿ, ನೀರೂ ಕುಡಿಯದೆ ಬಸ್ಸು ಹತ್ತಿ ಬಂದವರಲ್ಲಿ ಹರಿವು ಕುಗ್ಗಿ ಗ್ರೇಡಿಯಂಟ್ 5ರ ಕೆಳಗಿಳಿಯಬಹುದು. ಎದೆಯ ಮೇಲಿಂದ ಮಾಡುವ ಎಕೋಗೆ ಖಾಲಿ ಹೊಟ್ಟೆ ಬೇಕಿಲ್ಲ, ಇದನ್ನು ಚೀಟಿ ಕೊಡುವಾಗಲೇ ಹೇಳಿ. ಗರ್ಭಿಣಿಯರಲ್ಲಿ, ರಕ್ತಹೀನತೆ ಇರುವವರಲ್ಲಿ ಇದೇ ಅಂಕಿ ಏರುತ್ತದೆ. ಹಿಮೋಗ್ಲೋಬಿನ್ ನೋಡದೆ ಗ್ರೇಡಿಯಂಟ್ ಓದಬೇಡಿ.

ಮೈಟ್ರಲ್ ಶಸ್ತ್ರಚಿಕಿತ್ಸೆಗೆಂದು ಕಲಬುರಗಿಗೋ ಬೆಂಗಳೂರಿಗೋ ಕಳಿಸುವವರಿದ್ದರೆ ಈ ಕೆಲಸ ಮೊದಲೇ ಆಗಬೇಕು. ತೀವ್ರ ಟ್ರೈಕಸ್ಪಿಡ್ ಸ್ಟೆನೋಸಿಸ್ ಇದ್ದರೆ ಅದೇ ಆಪರೇಷನ್‌ನಲ್ಲಿ ಅದನ್ನೂ ಸರಿಪಡಿಸಬೇಕೆಂಬುದು ನಿಯಮ. ರಿಪೋರ್ಟಿನಲ್ಲಿ ‘ಟಿಎಸ್ ಪ್ಲಸ್’ ಅಂತ ಬರೆದರೆ ಸಾಲದು: ಮೀನ್ ಗ್ರೇಡಿಯಂಟ್, ಆಗಿನ ನಾಡಿ ಮತ್ತು ಲಯ, ಎಷ್ಟು ಬಡಿತದ ಸರಾಸರಿ, ಹಾಫ್ ಟೈಮ್, ಸೋರಿಕೆ ಎಷ್ಟು, ಐವಿಸಿ ಅಳತೆ, ಅಂದು ನೀರಿಳಿಸುವ ಮಾತ್ರೆ ತಗೊಂಡಿದ್ದರೇ ಎಂಬುದಷ್ಟೂ ಇರಲಿ.