ಮಂಗಳದ ಗಾಳಿಯ ಜಮಾಖರ್ಚು

ಬೆಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ನಾನು ಸಿಸ್ಟಮ್ಸ್ ಡಿಸೈನರ್. ಹೆಸರು ದೊಡ್ಡದು, ಕೆಲಸ ಮಾತ್ರ ಎಕ್ಸೆಲ್ ಶೀಟು ತುಂಬುವುದು. ಯಾವ ಕಟ್ಟಡಕ್ಕೆ ಎಷ್ಟು ಉಕ್ಕು, ಯಾವ ಸಂಶೋಧನೆಗೆ ಎಷ್ಟು ಟರ್ನ್ (ಆಟದ ಸರದಿ), ಇಂಥವು. ನಮ್ಮ ಬಾಹ್ಯಾಕಾಶ ಸ್ಟ್ರಾಟಜಿ ಆಟದಲ್ಲಿ ಮಂಗಳವನ್ನು ವಾಸಕ್ಕೆ ತಕ್ಕಂತೆ ಬದಲಿಸುವ ಟೆರಾಫಾರ್ಮಿಂಗ್ ಭಾಗ ನನ್ನ ಪಾಲಿಗೆ ಬಂತು.

ಧ್ರುವದ ಹಿಮ ಕರಗಿಸುವ ಒಂದು ಬಟನ್ ಇಟ್ಟೆ. ಒತ್ತಿದರೆ 40 ಟರ್ನ್‌ನಲ್ಲಿ ಗಾಳಿಯ ಒತ್ತಡ 6 ಮಿಲಿಬಾರ್‌ನಿಂದ 300ಕ್ಕೆ ಏರುತ್ತದೆ, ಕೆಂಪು ನೆಲ ಹಸಿರಾಗುತ್ತದೆ, ಹಿನ್ನೆಲೆಯಲ್ಲಿ ಸಂಗೀತ ಬೇರೆ. ಟೆಸ್ಟಿಂಗ್‌ನಲ್ಲಿದ್ದ ಹುಡುಗಿ, ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮಾಡಿದವಳು, ಬಗ್ ಶೀಟಿನಲ್ಲಿ ಒಂದೇ ಸಾಲು ಬರೆದಳು: “ಸರ್, ಈ ಗಾಳಿ ಎಲ್ಲಿಂದ ಬಂತು?”

“ಆಟ ತಾನೇ ಮಾರಾಯ್ತಿ” ಎಂದು ಆ ದೂರಿನ ಟಿಕೆಟ್ ಮುಚ್ಚಿದೆ. ಅವಳು ಮತ್ತೆ ತೆರೆದಳು.

ಕೊನೆಗೆ ಕೂತು ಓದಿದೆ. 2018ರಲ್ಲಿ ವಿಜ್ಞಾನಿಗಳಾದ ಬ್ರೂಸ್ ಜಾಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ ಮಂಗಳದಲ್ಲಿ ಕೈಗೆಟಕುವ ಇಂಗಾಲದ ಡೈಆಕ್ಸೈಡನ್ನೆಲ್ಲ ಕೂಡಿಸಿ ನೋಡಿದ್ದರು. ಧ್ರುವದಲ್ಲಿ ಹಿಮವಾಗಿ ಹೆಪ್ಪುಗಟ್ಟಿದ್ದು, ಮಣ್ಣಿಗೆ ಅಂಟಿದ್ದು, ಎಲ್ಲ ಸೇರಿದರೂ ಸುಮಾರು 20 ಮಿಲಿಬಾರ್. ಒತ್ತಡ ಇಳಿದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ; ಮೈಯ ಶಾಖಕ್ಕೇ ಕುದಿಯದಿರಬೇಕಾದರೆ 63 ಬೇಕು. ನನ್ನ ಬಟನ್ ಉಳಿದ 280 ಮಿಲಿಬಾರನ್ನು ಮಂತ್ರ ಹಾಕಿ ಹುಟ್ಟಿಸುತ್ತಿತ್ತು.

ಹೊರಗಿನಿಂದ ತರೋಣ ಎಂದುಕೊಂಡೆ. ಶನಿಯ ಉಪಗ್ರಹ ಟೈಟನ್‌ನಲ್ಲಿ ಸಾರಜನಕ ದಂಡಿಯಾಗಿದೆ. ಎಷ್ಟು ತರಬೇಕು? ಭೂಮಿಯಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ಗಾಳಿ ಕೂತಿದೆ. ಅದನ್ನೇ ಶೀಟಿಗೆ ಹಾಕಿದೆ. ಅದೂ ತಪ್ಪು. ಮಂಗಳದ ಗುರುತ್ವ ಭೂಮಿಯ ಶೇ. 38ರಷ್ಟೇ, ಅಲ್ಲಿ ಗಾಳಿಯೂ ಹಗುರ. ಭೂಮಿಯಷ್ಟೇ ಒತ್ತಡ ಬರಲು ಚದರ ಮೀಟರಿಗೆ 27 ಟನ್ ಹೇರಬೇಕು. ಮಂಗಳದ ಮೇಲ್ಮೈ ಭೂಮಿಯ ಕಾಲುಭಾಗಕ್ಕಿಂತ ತುಸು ಹೆಚ್ಚು, ಬೇಕಾದ ಗಾಳಿ ಮಾತ್ರ ಭೂಮಿಯ ಒಟ್ಟು ಗಾಳಿಯ ಮುಕ್ಕಾಲು ಪಾಲು! ಚಿಕ್ಕ ಗ್ರಹ ಅಗ್ಗ ಎಂದುಕೊಂಡಿದ್ದವನಿಗೆ ಬೆವರು ಬಂತು.

ಇನ್ನೊಂದು ಕಡೆ ನಾನು ಅತಿ ಕಟುಕನಾಗಿದ್ದೆ. ಸೌರಮಾರುತವನ್ನು, ಅಂದರೆ ಸೂರ್ಯನಿಂದ ಬೀಸುವ ಕಣಗಳ ಹೊಳೆಯನ್ನು, ತಡೆಯುವ ಕಾಂತಕವಚ ಕಟ್ಟದಿದ್ದರೆ 10 ಟರ್ನ್‌ನಲ್ಲಿ ಗಾಳಿಯೆಲ್ಲ ಸೋರಿಹೋಗುವ ದಂಡ ಇಟ್ಟಿದ್ದೆ. ನಾಸಾದ ಮೇವನ್ ನೌಕೆಯ ಅಳತೆಯಂತೆ ಸೌರಮಾರುತ ಕಿತ್ತೊಯ್ಯುವುದು ಸೆಕೆಂಡಿಗೆ ಸುಮಾರು 100 ಗ್ರಾಂ. ಆ ಲೆಕ್ಕದಲ್ಲಿ ಗಾಳಿ ಖಾಲಿಯಾಗುವುದು ಸಾವಿರಾರು ಕೋಟಿ ವರ್ಷಗಳ ಮಾತು. ದಂಡವನ್ನು ಕಿತ್ತೆವು.

ವಿಚಿತ್ರವೆಂದರೆ ಸಮಯದ ಬಗ್ಗೆ ಅವಳು ತಕರಾರೇ ಎತ್ತಲಿಲ್ಲ. ಗಿಡಗಳಿಂದಲೇ ಉಸಿರಾಡುವಷ್ಟು ಆಮ್ಲಜನಕ ಸೇರಲು ಸುಮಾರು 1 ಲಕ್ಷ ವರ್ಷ ಬೇಕೆಂದು ವಿಜ್ಞಾನಿ ಕ್ರಿಸ್ ಮೆಕೇ ಮತ್ತು ಸಂಗಡಿಗರು 1991ರಲ್ಲೇ ಅಂದಾಜು ಮಾಡಿದ್ದರು. ನಮ್ಮಲ್ಲಿ 200 ಟರ್ನ್. ಕಾಲವನ್ನು ಕುಗ್ಗಿಸುವುದು ಆಟದ ಒಪ್ಪಂದ, ಆಟಗಾರರಿಗೂ ಅದು ಗೊತ್ತು. ಸಾಮಾನು ಎಲ್ಲಿಂದ ಬಂತೆಂದು ಹೇಳದಿದ್ದಾಗಲೇ ಅವರಿಗೆ ಕಸಿವಿಸಿ. 2016ರ ‘ಟೆರಾಫಾರ್ಮಿಂಗ್ ಮಾರ್ಸ್’ ಬೋರ್ಡ್ ಗೇಮಿನವರು ಜಾಣರು: ಆಮ್ಲಜನಕ ಶೇ. 14, ಉಷ್ಣತೆ 8 ಡಿಗ್ರಿ, 9 ಸಾಗರ. ಒತ್ತಡದ ಮಾಪಕವನ್ನೇ ಇಟ್ಟಿಲ್ಲ!

ನಾವು ಇಟ್ಟೆವು. ಬಟನ್ ಈಗ 20 ಮಿಲಿಬಾರ್‌ಗೆ ನಿಲ್ಲುತ್ತದೆ, ಪಕ್ಕದಲ್ಲಿ ಗಾಳಿಯ ಜಮಾಖರ್ಚಿನ ಪುಟ ತೆರೆದುಕೊಳ್ಳುತ್ತದೆ. ಇಷ್ಟೇನಾ ಎಂದು ನಮ್ಮ ಪ್ರೊಡ್ಯೂಸರ್ ಮುಖ ಸಿಂಡರಿಸಿದರು. ಮುಂದಿನ ಪ್ಲೇಟೆಸ್ಟಿನಲ್ಲಿ ಅದುವರೆಗೆ ಯಾರೂ ತಿರುಗಿ ನೋಡದಿದ್ದ ಟೈಟನ್‌ಗಾಗಿ ಇಬ್ಬರು ಯುದ್ಧಕ್ಕೇ ಇಳಿದರು.

ಸಂಜೆ ಬಗ್ ಶೀಟಿನಲ್ಲಿ ಹೊಸ ಸಾಲು: “ಸರ್, ಟೈಟನ್‌ನಿಂದ ಸಾಗಿಸುವ ಇಂಧನ ಎಲ್ಲಿ?” ಆ ಟಿಕೆಟ್ ಇನ್ನೂ ತೆರೆದೇ ಇದೆ.