ಆ ನಾವಿಕನ ಕೈಯಲ್ಲಿ ಇದ್ದದ್ದು ಒಂದೇ ಗುಂಡು

ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗೇಮ್‌ಗಳಿಗೆ ಹಡಗುಗಳನ್ನು ಮಾಡೆಲ್ ಮಾಡುವುದು ನನ್ನ ಕೆಲಸ. ಕಳೆದ ವರ್ಷದ ಒಂದು ರಿವ್ಯೂ ಕಾಲ್ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೆಲಸದ ಟಿಕೆಟ್ ಬಂದಿದ್ದು ಟಿ-24 ಎಂಬ ಹಡಗಿನದು. ಎರಡನೇ ಮಹಾಯುದ್ಧದ ಜರ್ಮನ್ ಟಾರ್ಪಿಡೋ ದೋಣಿ. ದೋಣಿ ಎಂಬುದು ಹೆಸರಿಗಷ್ಟೇ, ಉದ್ದ ನೂರು ಮೀಟರಿಗೂ ಹೆಚ್ಚು. 1942ರಲ್ಲಿ ನೌಕಾಪಡೆಗೆ ಸೇರಿದಾಗ ಹೇಗಿತ್ತೋ ಹಾಗೆಯೇ ಬೇಕೆಂದು ಕ್ಲೈಂಟ್ ಕೇಳಿದ್ದರು. ಕೊಟ್ಟ ಸಮಯ ಆರು ದಿನ. ರೆಫರೆನ್ಸ್ ಫೋಲ್ಡರ್ ತೆರೆದರೆ ಅರ್ಧದಷ್ಟು ಆಟಿಕೆ ಕಿಟ್‌ಗಳ ಡಬ್ಬಿಯ ಚಿತ್ರಗಳು, ಉಳಿದದ್ದರಲ್ಲಿ ಬೇರೆ ಗೇಮ್‌ಗಳ ಸ್ಕ್ರೀನ್‌ಶಾಟ್‌ಗಳೇ ಹೆಚ್ಚು. ಇಂತಹ ಫೋಲ್ಡರ್ ಕೊಟ್ಟು ನಿಖರತೆ ಬೇಕು ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ದೊಡ್ಡ ಫಿರಂಗಿಗಳು ತೊಂದರೆ ಕೊಡಲಿಲ್ಲ. ನಳಿಗೆಯ ವ್ಯಾಸ 10.5 ಸೆಂಟಿಮೀಟರಿನವು ನಾಲ್ಕು: ಹಡಗು ನಡೆಸುವ ಕಟ್ಟೆಯಾದ ಬ್ರಿಡ್ಜ್‌ನ ಮುಂದೆ ಒಂದು, ಎರಡು ಹೊಗೆಕೊಳವೆಗಳ ನಡುವೆ ಒಂದು, ಹಿಂಬದಿಯಲ್ಲಿ ಒಂದಕ್ಕಿಂತ ಒಂದು ಎತ್ತರದಲ್ಲಿ ಎರಡು. ಟಿ-1ರಿಂದ ಟಿ-21ರವರೆಗಿನ ಹಳೆಯ ದೋಣಿಗಳಿಗೆ ಹಿಂಬದಿಯಲ್ಲಿ ಒಂದೇ ಫಿರಂಗಿ. ಹೊಗೆಕೊಳವೆಗಳ ನಡುವೆ ಫಿರಂಗಿ ಕಂಡಿತೆಂದರೆ ಟಿ-22ರ ಸಾಲಿನದೆಂದು ಧೈರ್ಯವಾಗಿ ಬರೆದುಕೊಳ್ಳಬಹುದು. ವಿಮಾನಗಳನ್ನು ಹೊಡೆಯುವ, ನಾಲ್ಕು ನಳಿಗೆಯ 2 ಸೆಂಟಿಮೀಟರಿನ ಫ್ಲಾಕ್‌ಫೀರ್ಲಿಂಗ್ ಅನ್ನೂ ಸರಿಯಾಗಿಯೇ ಮಾಡಿದ್ದೆ. ಅದಕ್ಕೆ ಎರಡು ಪೆಡಲ್‌ಗಳು, ಒಂದೊಂದು ಪೆಡಲ್‌ಗೂ ಕರ್ಣದ ಎರಡು ನಳಿಗೆಗಳು. ಅದನ್ನು ರಿಗ್ ಮಾಡಿದ, ಅಂದರೆ ಚಲಿಸುವಂತೆ ಜೋಡಿಸಿದ ದಿನ ತುಂಬ ಸಂತೋಷಪಟ್ಟಿದ್ದೆ.

ಎಡವಿದ್ದು ಹಿಂದಿನ ಹೊಗೆಕೊಳವೆಯ ಇಕ್ಕೆಲಗಳಲ್ಲಿದ್ದ 3.7 ಸೆಂಟಿಮೀಟರಿನ ವಿಮಾನ ನಿರೋಧಕ ಜೋಡಿ ನಳಿಗೆಗಳಲ್ಲಿ. ಫೋಲ್ಡರಿನಲ್ಲಿ '37 ಫ್ಲಾಕ್' ಎಂಬ ಹೆಸರಿನ ಸ್ಪಷ್ಟವಾದ ಫೋಟೋಗಳಿದ್ದವು. ಆದರೆ ಅವು ಭೂಸೇನೆಯ ಫ್ಲಾಕ್ 36ರವು. ಅದು ಆರು ಗುಂಡುಗಳ ಕ್ಲಿಪ್ ನುಂಗಿ ತಾನೇ ಹಾರಿಸುತ್ತಾ ಹೋಗುವ ಫಿರಂಗಿ. ವ್ಯಾಸ ಒಂದೇ ಆದ ಮೇಲೆ ಫಿರಂಗಿಯೂ ಒಂದೇ ಎಂದುಕೊಂಡೆ. ಹಡಗಿನ ಫೋಟೋದ ಮೇಲೆ ಇಟ್ಟು ನೋಡಿದಾಗ ನಳಿಗೆ ಗಿಡ್ಡವಾಯಿತು, ಅದೂ ಸುಮಾರು ಒಂದು ಮೀಟರ್. ಆಗಲೇ ನಿಲ್ಲಬೇಕಿತ್ತು. ಲೆನ್ಸ್‌ನಿಂದಾದ ವ್ಯತ್ಯಾಸವಿರಬೇಕು ಎಂದು ಸಮಾಧಾನ ಹೇಳಿಕೊಂಡು, ನಳಿಗೆಯನ್ನಷ್ಟೇ ಎಳೆದು ಉದ್ದ ಮಾಡಿ, ಹಿಂದೆ ಭೂಸೇನೆಯ ಬ್ರೀಚ್ ಅನ್ನೇ, ಅಂದರೆ ಗುಂಡು ತುಂಬುವ ಭಾಗವನ್ನೇ ಉಳಿಸಿದೆ.

ಕಾಲ್‌ನಲ್ಲಿ ಕ್ಲೈಂಟ್ ಕಡೆಯ ನೌಕಾ ಸಲಹೆಗಾರರಿದ್ದರು. ಮೃದು ಮಾತಿನ ಹಿರಿಯರು. ಗುಂಡು ತುಂಬುವ ಅನಿಮೇಷನ್ ಅನ್ನು ಒಂದೊಂದೇ ಫ್ರೇಮ್ ಓಡಿಸಲು ಹೇಳಿದರು. ಹದಿನೆಂಟನೇ ಫ್ರೇಮ್‌ನಲ್ಲಿ ನಿಲ್ಲಿಸಿ, ಈ ನಾವಿಕ ಒಂದು ಸಲಕ್ಕೆ ಎಷ್ಟು ಗುಂಡು ಹಾಕುತ್ತಿದ್ದಾನೆ ಎಂದು ಕೇಳಿದರು. ಆರು ಎಂದೆ. ಅವರು ಮಾತಾಡಲಿಲ್ಲ. ನಮ್ಮ ಲೀಡ್ ಮೈಕ್ ಆನ್ ಮಾಡಿದರು, ಮತ್ತೆ ಆಫ್ ಮಾಡಿದರು. ಸಲಹೆಗಾರರು ನಮ್ಮದೇ ಫೋಲ್ಡರಿನಿಂದ ಒಂದು ಮಸುಕಾದ ಫೋಟೋ ತೆರೆದು ಮೂಲೆಯನ್ನು ಹಿಗ್ಗಿಸಿದರು. ಒಬ್ಬ ನಾವಿಕ, ಎದೆಗೆ ಅವುಚಿಕೊಂಡ ಒಂದೇ ಒಂದು ಗುಂಡು, ಮೊಣಕೈಯಿಂದ ಬೆರಳ ತುದಿಯನ್ನೂ ದಾಟಿದ ಉದ್ದ. ಆ ಫೋಟೋವನ್ನು ನಾನು ಹತ್ತಾರು ಸಲ ನೋಡಿದ್ದೆ, ನಳಿಗೆ ಅಳೆಯುವುದಕ್ಕೆ.

ಟಿ-24ರಲ್ಲಿದ್ದ ನೌಕಾಪಡೆಯ 3.7 ಸೆಂಟಿಮೀಟರಿನ ಎಸ್‌ಕೆ ಸಿ/30 ಬೇರೆಯದೇ ಫಿರಂಗಿ. ನಳಿಗೆಯ ಉದ್ದ ವ್ಯಾಸದ 83 ಪಟ್ಟು, ಅಂದರೆ ಮೂರು ಮೀಟರ್ ಮೀರುತ್ತದೆ. ಭೂಸೇನೆಯದು 57 ಪಟ್ಟು. ಗುಂಡಿನ ಮದ್ದು ತುಂಬುವ ಕೋಶದ ಉದ್ದ ಇದರಲ್ಲಿ 380 ಮಿಲಿಮೀಟರ್, ಅದರಲ್ಲಿ 263. ಎಲ್ಲಕ್ಕಿಂತ ಮುಖ್ಯವಾಗಿ, ಇದಕ್ಕೆ ಪ್ರತಿ ಗುಂಡನ್ನೂ ಕೈಯಿಂದ ಒಂದೊಂದಾಗಿ ತುಂಬಬೇಕು. ಎಷ್ಟು ಚುರುಕಾದರೂ ನಿಮಿಷಕ್ಕೆ ಸುಮಾರು ಮೂವತ್ತು. ಗೈರೋಸ್ಕೋಪ್‌ನಿಂದ ಸ್ಥಿರವಾಗಿ ನಿಲ್ಲುವ ಅಷ್ಟು ನಾಜೂಕಾದ ಪೀಠ ಮಾಡಿ, ಅದರ ಮೇಲೆ ಇಂತಹ ಫಿರಂಗಿ ಕೂರಿಸಿದ್ದರು.

ಟಿ-24 ಮುಳುಗಿದ್ದು 1944ರ ಆಗಸ್ಟ್ 24ರಂದು, ಫ್ರಾನ್ಸಿನ ಜಿರೋಂದ್ ಅಳಿವೆಯಲ್ಲಿ, ಬ್ರಿಟಿಷ್ ನಿರ್ಮಿತ ಬೋಫೈಟರ್ ವಿಮಾನಗಳ ದಾಳಿಗೆ. ನಾನು ಮಾಡಿದ್ದು ವಿಮಾನಗಳ ಎದುರು ಹಡಗಿಗಿದ್ದ ದೌರ್ಬಲ್ಯವನ್ನೇ ಅಳಿಸಿಹಾಕುವ ತಪ್ಪು.

ಆ ವಾರಾಂತ್ಯ ಬ್ರೀಚ್ ಅನ್ನು ಮೊದಲಿನಿಂದ ಕಟ್ಟಿದೆ. ಈಗ ಯಾವ ಫಿರಂಗಿಯ ಫೋಟೋ ಬಂದರೂ ಮೊದಲು ಗುಂಡು ತುಂಬುವವನ ಕೈ ನೋಡುತ್ತೇನೆ. ಅಳತೆ ಹೊಂದದಿದ್ದರೆ ಸ್ಕೇಲ್ ಟೂಲ್ ಮುಟ್ಟುವುದಿಲ್ಲ. ಹೊಸಬರಿಗೂ ಇವೆರಡನ್ನೇ ಹೇಳುತ್ತೇನೆ. ಫೋಲ್ಡರಿನ ಹೆಸರುಗಳನ್ನು ಸರಿಪಡಿಸಲು ಎರಡು ದಿನ ಕೇಳಿದ್ದೆ, ಇದುವರೆಗೂ ಸಿಕ್ಕಿಲ್ಲ.

ಹೊಸ ಅನಿಮೇಷನ್ ಸೇರಿಸಿದ ಮೇಲೆ ಡಿಸೈನ್ ತಂಡದಿಂದ ಟಿಕೆಟ್ ಬಂತು: ಜೋಡಿ ಫಿರಂಗಿ ತೀರಾ ನಿಧಾನ, ವೇಗ ಹೆಚ್ಚಿಸಿ. ನಾನು ಆ ಮಸುಕು ಫೋಟೋದ ಮೂಲೆಯನ್ನು ಲಗತ್ತಿಸಿ, ಒಂದು ಗುಂಡಿಗೆ ಎರಡು ಸೆಕೆಂಡ್ ಎಂದು ಬರೆದು ವಾಪಸು ಕಳಿಸಿದೆ.