ಎರಡೂ ಕಾಲು ಗಂಟೆ

14 ನವೆಂಬರ್ 2023, ಮಂಗಳವಾರ
ರೆಡಿಂಗ್, ಇಂಗ್ಲೆಂಡ್

ಆಸ್ಪತ್ರೆಯಲ್ಲಿದ್ದೇನೆ. ಈಗಷ್ಟೇ ಮಗುವಿನ ಮಧ್ಯಾಹ್ನ 3:25ರ ಚೆಕ್ ಮುಗಿಯಿತು. ಮಗು ಮಲಗಿದೆ. ನನಗೆ ನಿದ್ದೆ ಹತ್ತುತ್ತಿಲ್ಲ, ಫೋನಿನಲ್ಲೇ ಬರೆಯುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಹುಟ್ಟಿದ್ದು ಇವತ್ತು ಬೆಳಗ್ಗೆ 5:25ಕ್ಕೆ, ಬಲಿಪಾಡ್ಯಮಿಯ ದಿನ. ನನ್ನ ಮೈಯಲ್ಲಿದ್ದ ಒಂದು ಬ್ಯಾಕ್ಟೀರಿಯಾ ಹೆರಿಗೆ ಹೊತ್ತಲ್ಲಿ ಮಗುವಿಗೆ ತಗುಲದಿರಲಿ ಅಂತ ನನಗೆ ಪೆನಿಸಿಲಿನ್ ಡ್ರಿಪ್ ಶುರು ಮಾಡಿದ್ದು 3:10ಕ್ಕೆ. ನಡುವೆ ಎರಡೂ ಕಾಲು ಗಂಟೆ. ಬೇಕಿದ್ದದ್ದು ನಾಲ್ಕು.

ಐದನೇ ತಿಂಗಳಲ್ಲಿ ಉರಿಮೂತ್ರ ಅಂತ ಟೆಸ್ಟಿಗೆ ಕೊಟ್ಟಿದ್ದೆ. ಅದರಲ್ಲಿ ಗ್ರೂಪ್ ಬಿ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು. ಉರಿ ಬರದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಇಲ್ಲಿ ಎಲ್ಲ ಬಸುರಿಯರಿಗೂ ಇದರ ಟೆಸ್ಟ್ ಮಾಡುವುದಿಲ್ಲ. ನ್ಯೂಜೆರ್ಸಿಯ ಅಕ್ಕನಿಗೆ 36ನೇ ವಾರದಲ್ಲಿ ಅವಳು ಕೇಳದೆಯೇ ಸ್ವಾಬ್ ತೆಗೆದಿದ್ದರು, ಅಮೆರಿಕದಲ್ಲಿ ಎಲ್ಲರಿಗೂ ಅದೇ ಪದ್ಧತಿ. ನನ್ನ ಮಗ ಶಿವಮೊಗ್ಗದಲ್ಲಿ ಹುಟ್ಟಿದಾಗ ಈ ಹೆಸರನ್ನೇ ಯಾರೂ ಎತ್ತಿರಲಿಲ್ಲ. ನಮ್ಮ ಕಡೆ ಎಳೆಮಕ್ಕಳ ಐಸಿಯುಗಳಲ್ಲಿ ಡಾಕ್ಟರುಗಳು ಜಾಸ್ತಿ ಹೆದರುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಅನ್ನೋ ಬೇರೆ ಬ್ಯಾಕ್ಟೀರಿಯಾಗಳಿಗೆ.

ಬಾಣಂತನಕ್ಕೆ ಬಂದ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಯಾರಿಂದ ಅಂಟಿಸಿಕೊಂಡೆ?" ನನಗೆ ಚುರುಕ್ ಅಂತು. ಇದು ಕೊಳಕಿನಿಂದ ಬರುವುದಲ್ಲ, ಅಂಟಿಸಿಕೊಳ್ಳುವ ರೋಗವೂ ಅಲ್ಲ. ಕರುಳಿನಲ್ಲಿ, ಯೋನಿಯಲ್ಲಿ ಸುಮ್ನೆ ಇರುತ್ತದೆ, ಬರುತ್ತದೆ, ಹೋಗುತ್ತದೆ. ಈ ದೇಶದಲ್ಲಿ 100 ಹೆಂಗಸರಲ್ಲಿ 20ರಿಂದ 40 ಜನರಿಗೆ ಇರುತ್ತದಂತೆ. ಮಾತ್ರೆ ನುಂಗಿ ಮೊದಲೇ ಮುಗಿಸಬಾರದಾ ಅಂದರೆ, ಹೆರಿಗೆ ಹೊತ್ತಿಗೆ ಮತ್ತೆ ಬಂದು ಕೂತಿರುತ್ತದೆ. ಅದಕ್ಕೇ ನೋವು ಶುರುವಾದ ಮೇಲೆ ಡ್ರಿಪ್.

ಅಮ್ಮನ ಭಯ ಇಳಿಸಿದ್ದು ಹಸು. ಈ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ, ಅಂದರೆ ಹಾಲಿಲ್ಲದ್ದು. ಹಸುಗಳ ಕೆಚ್ಚಲು ಬಾವಿನಿಂದ ಬಂದ ಹೆಸರು. "ಓ, ಕೆಚ್ಚಲು ಬಾವಾ?" ಅಂದರು ಅಮ್ಮ. ತೀರ್ಥಹಳ್ಳಿ ಮನೆಯಲ್ಲಿ ನಾಲ್ಕು ಹಸು ಸಾಕಿದವರು. ಆಮೇಲೆ ಕೇಳಿದ್ದು ಒಂದೇ, ಮಗುವಿಗೆ ಎದೆಹಾಲು ಕೊಡಬಹುದಾ ಅಂತ. ಧಾರಾಳವಾಗಿ ಕೊಡಬಹುದು.

ನೋವು ಶುರುವಾದ ತಕ್ಷಣ ಬನ್ನಿ ಅಂತ ಫೈಲ್ ಮೇಲೆ ದೊಡ್ಡದಾಗಿ ಬರೆದಿದ್ದರು. ರಾತ್ರಿ 1 ಗಂಟೆಗೆ ಶುರುವಾಯಿತು. ಮಗನನ್ನು ಅಮ್ಮನ ಪಕ್ಕ ಮಲಗಿಸಿ, ಕಾರಿನ ಗಾಜಿನ ಮಂಜು ಕೆರೆದು ಹೊರಡುವಷ್ಟರಲ್ಲಿ 2 ದಾಟಿತ್ತು. ಎಡಗೈಯಲ್ಲಿ ನರ ಸಿಗಲಿಲ್ಲ. ಎರಡು ಸಲ ಚುಚ್ಚಿ, ಕೊನೆಗೆ ಬಲಗೈಗೆ ಹಾಕಿದರು. 3 ಗ್ರಾಂ ಔಷಧಿ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅದು ನನ್ನ ರಕ್ತದಿಂದ ಮಾಸು ದಾಟಿ, ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಸೇರಬೇಕು, ಅದಕ್ಕೇ ನಾಲ್ಕು ಗಂಟೆ. ನಾಲ್ಕು ಗಂಟೆಗೊಮ್ಮೆ ಇನ್ನೊಂದು ಡೋಸ್ ಅಂತಲೂ ಇತ್ತು. ಎರಡನೇ ಮಗು ಕಾಯುತ್ತದಾ? ಮೊದಲ ಡೋಸಿನಲ್ಲೇ ಹೊರಗೆ ಬಂದಳು.

ನಾಲ್ಕು ಗಂಟೆ ತುಂಬಲಿಲ್ಲವಾದ್ದರಿಂದ ಈಗ 12 ಗಂಟೆ ಕಾವಲು. ಇಲ್ಲಿ 1750 ಮಕ್ಕಳಲ್ಲಿ ಒಂದು ಮಗುವಿಗೆ ಈ ಬ್ಯಾಕ್ಟೀರಿಯಾದಿಂದ ಮೊದಲ ವಾರದ ಸೋಂಕು ಬರುತ್ತದೆ. ಬಂದರೆ ಬಹುಪಾಲು ಮೊದಲ 12 ಗಂಟೆಯಲ್ಲೇ ಲಕ್ಷಣ ಕಾಣುತ್ತದೆ. ಹುಟ್ಟಿದ ಕೂಡಲೇ, ಒಂದು ಗಂಟೆಗೆ, ಎರಡು ಗಂಟೆಗೆ, ಆಮೇಲೆ ಎರಡೆರಡು ಗಂಟೆಗೊಮ್ಮೆ ಮಿಡ್‌ವೈಫ್, ಅಂದರೆ ಇಲ್ಲಿನ ಸೂಲಗಿತ್ತಿ, ಬರುತ್ತಾಳೆ. ಕಂಕುಳಲ್ಲಿ ಥರ್ಮಾಮೀಟರ್, ಎದೆ ಮೇಲೆ ಸ್ಟೆತಸ್ಕೋಪ್. ಆಮೇಲೆ ಹೊಟ್ಟೆ ಮೇಲೆ ಅಂಗೈಯಿಟ್ಟು, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. ಆ ಒಂದು ನಿಮಿಷ ನಾನೂ ಉಸಿರು ಬಿಡುವುದಿಲ್ಲ. 44 ಅಂದಳು ಒಮ್ಮೆ. 60 ದಾಟಬಾರದು. ಉಸಿರಿನ ಜೊತೆ ನರಳುವ ಶಬ್ದ ಇದೆಯಾ ಅಂತ ಕಿವಿಯಿಟ್ಟೂ ಕೇಳುತ್ತಾಳೆ.

11:25ಕ್ಕೆ ಜ್ವರ ಇರಲಿಲ್ಲ, ತಣ್ಣಗಿದ್ದಳು. 36.4. ಎಳೆಮಕ್ಕಳಿಗೆ ಮೈ ಸುಡುವುದೊಂದೇ ಅಲ್ಲ, ತಣ್ಣಗಾಗುವುದೂ ಸೋಂಕಿನ ಗುರುತಾಗಬಹುದು ಅಂತ ಓದಿದ್ದೆ, ಯಾಕಾದರೂ ಓದಿದೆನೋ. ಮಿಡ್‌ವೈಫ್ ಮಗುವಿಗೆ ಟೊಪ್ಪಿ ಹಾಕಿ, ಬಟ್ಟೆ ಬಿಚ್ಚಿ ನನ್ನ ಎದೆಗೆ ಒರಗಿಸಿ, ಮೇಲೊಂದು ಕಂಬಳಿ ಹೊದಿಸಿ ಹೋದಳು. ಅರ್ಧ ಗಂಟೆ ಆ ಪುಟ್ಟ ಬೆನ್ನನ್ನು ಮುಟ್ಟಿ ಮುಟ್ಟಿ ನೋಡಿದೆ. 36.9. ಗಂಡ ಹೊರಗೆ ಹೋಗಿ ಕಾಫಿ ತಂದು ಅದನ್ನು ಕುಡಿಯೋದೇ ಮರೆತ.

ಇನ್ನೊಂದು ಚೆಕ್ ಬಾಕಿ, 5:25ರದ್ದು. ಅದು ಮುಗಿದರೂ ಮೂರು ತಿಂಗಳವರೆಗೆ ಕಣ್ಣಿಡಬೇಕು. ತಡವಾಗಿ ಬರುವ ಇನ್ನೊಂದು ಬಗೆ ಇದೆ, ಅದನ್ನು ಡ್ರಿಪ್ ತಡೆಯುವುದಿಲ್ಲ. ಜ್ವರ, ಮಂಕು, ಹಾಲು ಬೇಡ ಅನ್ನುವುದು, ಯಾವುದು ಕಂಡರೂ ಸೀದಾ ಇಲ್ಲಿಗೆ.

ಅಮ್ಮ ಫೋನ್ ಮಾಡಿದ್ದರು. "ನಿನ್ನ ಸೂಲಗಿತ್ತಿ ಮತ್ತೆ ಬಂದಳಾ?" ಹಿಂದೆ ಮಗ, ನಕ್ಷತ್ರಕಡ್ಡಿ ಹಚ್ಚಬೇಕು ಅಂತ ರಂಪ.

ಎದ್ದಳು. ತುಟಿ ಚಪ್ಪರಿಸುತ್ತಾ ಹುಡುಕುತ್ತಿದ್ದಾಳೆ. ನಿಲ್ಲಿಸುತ್ತೇನೆ, ಹಾಲು ಕುಡಿಸಬೇಕು.